ಸಿಯಾಮಿನ ಜಗಳಗಂಟಿ ಮೀನು

ಕೋಳಿ ಅಂಕದ ಹುಚ್ಚು ನಮ್ಮ ಕರಾವಳಿಯವರಿಗೆ ಗೊತ್ತಿರುವುದೇ. ಈಗ ಥಾಯ್ಲೆಂಡ್ ಎನಿಸಿಕೊಳ್ಳುವ ಸಿಯಾಮಿನಲ್ಲಿ ಅಂಥದೇ ಹುಚ್ಚು ಮೀನುಗಳ ಮೇಲಿತ್ತು. ಈಸ್ಟ್ ಇಂಡಿಯಾ ಕಂಪೆನಿಯ ಸೇವೆಯಲ್ಲಿದ್ದ ಡೆನ್ಮಾರ್ಕಿನ ವೈದ್ಯ ಥಿಯೊಡೋರ್ ಕ್ಯಾಂಟರ್ 1849ರಲ್ಲಿ ಪ್ರಕಟಿಸಿದ ಮಲಯ ಮೀನುಗಳ ಪಟ್ಟಿಯಲ್ಲಿ ಇದನ್ನು ಬಣ್ಣಿಸಿದ್ದಾನೆ. ಸಿಯಾಮಿನ ಜನ ಮೀನಿನ ಕಾಳಗಕ್ಕೆ ಹಣವನ್ನಷ್ಟೇ ಅಲ್ಲ, ಒಮ್ಮೊಮ್ಮೆ ತಮ್ಮನ್ನೂ ತಮ್ಮ ಸಂಸಾರವನ್ನೂ ಪಣಕ್ಕೊಡ್ಡುತ್ತಿದ್ದರಂತೆ. ಧರ್ಮರಾಯನ ನೆನಪಾದರೆ ಆಶ್ಚರ್ಯವಿಲ್ಲ! ಕಾಳಗ ನಡೆಸುವ ಪರವಾನಗಿಯನ್ನು ಗುತ್ತಿಗೆಗೆ ಕೊಟ್ಟು ಅರಸನೂ ವರ್ಷಕ್ಕಿಷ್ಟೆಂದು ಒಳ್ಳೆಯ ಆದಾಯ ಪಡೆಯುತ್ತಿದ್ದ.

ಈ ಮೀನನ್ನೇ ಇಂದು ಅಂಗಡಿಗಳಲ್ಲಿ ಬೆಟ್ಟಾ ಎಂದು ಮಾರುತ್ತಾರೆ. ನಮ್ಮ ಬೆಟ್ಟಕ್ಕೂ ಇದಕ್ಕೂ ನಂಟಿಲ್ಲ. ಇದು ಬತ್ತದ ಗದ್ದೆ, ಕಾಲುವೆ, ಜೌಗುಗಳ ಮೀನು. ಥಾಯ್ ಭಾಷೆಯಲ್ಲಿ ಇದರ ಹೆಸರು 'ಪ್ಲಾ ಕತ್', ಎಂದರೆ ಕಚ್ಚುವ ಮೀನು. 'ಬೆಟ್ಟಾ ಸ್ಪ್ಲೆಂಡೆನ್ಸ್' ಎಂಬ ಶಾಸ್ತ್ರೀಯ ಹೆಸರನ್ನು 1910ರಲ್ಲಿ ಇಟ್ಟವನು ಬ್ರಿಟಿಷ್ ಮ್ಯೂಸಿಯಮ್ಮಿನ ಚಾರ್ಲ್ಸ್ ಟೇಟ್ ರೇಗನ್.

ಕಾಡು ಬೆಟ್ಟಾ ಇಷ್ಟೊಂದು ಜಗಳಗಂಟಿಯಲ್ಲ. 1923ರಿಂದ 1935ರವರೆಗೆ ಸಿಯಾಮ್ ಸರ್ಕಾರದ ಮೀನುಗಾರಿಕೆ ಸಲಹೆಗಾರನಾಗಿದ್ದ ಅಮೆರಿಕದ ಹ್ಯೂ ಸ್ಮಿತ್ ಇದನ್ನು ಗಮನಿಸಿದ್ದ. ಗದ್ದೆಯಿಂದ ಹಿಡಿದು ತಂದ ಮೀನುಗಳ ಕಾಳಗ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತಿತ್ತು, ಸಾಕಿ ಬೆಳೆಸಿದವು ಗಂಟೆಗಟ್ಟಲೆ ಕಾದಾಡುತ್ತಿದ್ದವು. ಗದ್ದೆಯಲ್ಲಿ ಸೋತ ಮೀನು ಹುಲ್ಲಿನ ಮರೆಗೆ ಓಡಿಹೋಗುತ್ತದೆ, ಜಾಡಿಯಲ್ಲಿ ಓಡುವುದೆಲ್ಲಿಗೆ? ಗೆದ್ದವುಗಳ ವಂಶವನ್ನೇ ಆರಿಸಿ ತಲೆಮಾರುಗಳ ಕಾಲ ಬೆಳೆಸಿದ್ದರ ಫಲ ಇದು. ಈ ಮೀನನ್ನು ಮನುಷ್ಯ ಪಳಗಿಸಿ ಕಡಿಮೆಯೆಂದರೂ 400 ವರ್ಷಗಳಾಗಿವೆಯೆಂದು 2022ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಹೇಳುತ್ತದೆ.

ಅಖಾಡಕ್ಕೆ ಇಳಿಸುತ್ತಿದ್ದದ್ದು ಗಂಡುಗಳನ್ನು ಮಾತ್ರ. ಹೆಣ್ಣನ್ನು ಯಾರೂ ಕಾಳಗಕ್ಕೆಂದು ಆರಿಸಲಿಲ್ಲ. ಆದರೂ ಮಕಾವಿನ ಸಂಶೋಧಕರು 2019ರಲ್ಲಿ ಕಾಳಗದ ತಳಿಯ ಹೆಣ್ಣುಗಳನ್ನು ಕಾಡು ಹೆಣ್ಣುಗಳೊಂದಿಗೆ ಹೋಲಿಸಿ ನೋಡಿದಾಗ, ಕಾಳಗದ ತಳಿಯವೇ ಹೆಚ್ಚು ಕೆರಳುವುದು ಕಂಡುಬಂತು. ಅಪ್ಪನ ಸಿಟ್ಟು ಮಗಳಿಗೂ ಇಳಿದಿತ್ತೆನ್ನಬೇಕು.

'ಗಂಡುಗಳು ಕಾದಾಡುತ್ತವೆ, ಹೆಣ್ಣುಗಳು ಒಟ್ಟಿಗಿರುತ್ತವೆ' ಎಂಬ ಅಂಗಡಿಯ ಮಾತನ್ನು ನಂಬಿ ಎರಡೋ ಮೂರೋ ಹೆಣ್ಣುಗಳನ್ನು ಬರಿಯ ಗಾಜಿನ ತೊಟ್ಟಿಗೆ ಬಿಡುವವರು ತಿಳಿಯಬೇಕಾದದ್ದು ಇದನ್ನೇ. ಹೆಣ್ಣುಗಳಲ್ಲಿ ಮೇಲು ಕೀಳಿನ ಶ್ರೇಣಿ ಏರ್ಪಡುತ್ತದೆ, ಅದು ಏರ್ಪಡುವುದು ಅಟ್ಟಾಟ ಕಚ್ಚಾಟಗಳಿಂದಲೇ. ಮೂರೇ ಇದ್ದರೆ ಕೆಳಗಿನದೊಂದು ಎಲ್ಲ ಪೆಟ್ಟನ್ನೂ ತಿನ್ನುತ್ತದೆ. ಆದ್ದರಿಂದ ಅನುಭವಿಗಳು ಸುಮಾರು ನೂರು ಲೀಟರಿನ ತೊಟ್ಟಿ ಮಾಡಿ, ಐದಕ್ಕೆ ಕಡಿಮೆಯಿಲ್ಲದಂತೆ ಒಂದೇ ದಿನ ಬಿಡುತ್ತಾರೆ. ಮೊದಲೇ ಬಂದು ನೆಲೆಯೂರಿದ ಮೀನು ತೊಟ್ಟಿಯನ್ನೆಲ್ಲ ತನ್ನದೆಂದುಕೊಳ್ಳುತ್ತದಲ್ಲವೆ!

ಗಿಡಗಳಂತೂ ಅಲಂಕಾರಕ್ಕಲ್ಲ. ಉದ್ದೆಲೆಯ ವ್ಯಾಲಿಸ್ನೇರಿಯಾ, ಪೊದೆಯಂತೆ ಹರಡುವ ಜಾವಾ ಪಾಚಿ, ನೀರ ಮೇಲೆ ತೇಲುವ ಸೊಪ್ಪು ಇವೆಲ್ಲ ದಟ್ಟವಾಗಿ ಬೆಳೆದು, ಒಂದು ಮೀನಿಗೆ ಇನ್ನೊಂದು ಕಾಣದಂತಿರಬೇಕು. ಗದ್ದೆಯ ಹುಲ್ಲಿನ ಮರೆಯನ್ನು ಮರಳಿ ಕೊಟ್ಟಂತೆ ಇದು. ಬೆಟ್ಟಾ ಮೇಲೆ ಬಂದು ನೇರವಾಗಿ ಗಾಳಿಯನ್ನೂ ಉಸಿರಾಡುವುದರಿಂದ ನೀರಿನ ಮೇಲ್ಭಾಗ ಮಾತ್ರ ಪೂರ್ತಿ ಮುಚ್ಚಿಹೋಗಬಾರದು.

ಇಷ್ಟಾದರೂ ಶಾಂತಿ ಖಾತರಿಯಿಲ್ಲ. ತಿಂಗಳುಗಟ್ಟಲೆ ಹೊಂದಿಕೊಂಡಿದ್ದ ಗುಂಪು ಒಂದು ಬೆಳಿಗ್ಗೆ ಕೆಟ್ಟುಹೋಗುವುದುಂಟು. ಬಣ್ಣ ಬಿಳಿಚಿ, ಮೈಮೇಲೆ ಅಡ್ಡಗೆರೆ ಮೂಡಿಸಿಕೊಂಡು, ಹರಿದ ರೆಕ್ಕೆಯೊಂದಿಗೆ ಮೂಲೆ ಹಿಡಿದ ಹೆಣ್ಣು ಕಂಡರೆ ಕಾಯುತ್ತ ಕೂರಬಾರದು. ಅದಕ್ಕಾಗಿ ಬೇರೊಂದು ಪುಟ್ಟ ತೊಟ್ಟಿಯನ್ನು ಮೊದಲ ದಿನದಿಂದಲೇ ನೀರು ತುಂಬಿ ಸಿದ್ಧವಾಗಿಟ್ಟಿರಬೇಕು.