ಕಪಾಟಿನಲ್ಲಿದ್ದ ಬಝೂಕಾ ಮತ್ತು ನ್ಯೂಜೆರ್ಸಿಯ ಮದ್ದಿನ ಕತೆ

ಹೋದ ವರ್ಷ ಎಡಿಸನ್ ಹತ್ತಿರದ ಒಂದು ಹಳೇ ಮನೆಗೆ ಬೇಸ್‌ಮೆಂಟ್ ವೈರಿಂಗ್ ಬದಲಾಯಿಸೋಕೆ ಹೋಗಿದ್ದೆ. ಪ್ಯಾನಲ್ ಪಕ್ಕದ ಗೋಡೆಗೆ ದೊಡ್ಡ ಕಪಾಟು. ಅದರಲ್ಲಿ ಸಾಲಾಗಿ ಹಿತ್ತಾಳೆ ಶೆಲ್‌ಗಳು, ನೀಲಿ ಬಣ್ಣದ ಸಣ್ಣ ರಾಕೆಟ್‌ಗಳು. ಮೇಲೆ ಗೋಡೆಗೆ ನೇತು ಹಾಕಿದ್ದ ಒಂದು ಉದ್ದ ಹಸಿರು ಕೊಳವೆ. ನಾನು ಮೆಟ್ಟಿಲ ಮೇಲೇ ನಿಂತುಬಿಟ್ಟೆ. ಮನೆ ಯಜಮಾನರು ಎಂಬತ್ತು ದಾಟಿದವರು. ನಕ್ಕು, "ಎಲ್ಲಾ ಇನರ್ಟ್, ಮದ್ದು ತೆಗೆದದ್ದು, ಹೆದರಬೇಡ" ಅಂದರು. ಆಮೇಲೆ ಕೊಳವೆ ಇಳಿಸಿ, "ನೀನು ಎಲೆಕ್ಟ್ರಿಷಿಯನ್ ಅಲ್ವಾ, ಇದನ್ನ ನೋಡು" ಅಂತ ನನ್ನ ಮುಂದೆ ಇಟ್ಟರು.

ಅದು ಎರಡನೇ ಮಹಾಯುದ್ಧದ ಬಝೂಕಾ. ಟ್ಯಾಂಕ್ ಹೊಡೆಯೋಕೆ ಒಬ್ಬ ಸೈನಿಕ ಹೆಗಲ ಮೇಲೆ ಇಟ್ಟುಕೊಳ್ಳುವ ರಾಕೆಟ್ ಕೊಳವೆ. ಇದನ್ನು ರೂಪಿಸಿದ ಇಬ್ಬರಲ್ಲಿ ಹಿರಿಯರು ಲೆಸ್ಲಿ ಸ್ಕಿನ್ನರ್. ಇನ್ನೊಬ್ಬರು ಎಡ್ವರ್ಡ್ ಉಲ್, ಹುಟ್ಟಿದ್ದು ನಮ್ಮಲ್ಲಿ ಎಷ್ಟೋ ಜನ ದಿನಾ ರೈಲಿನಲ್ಲಿ ದಾಟಿ ಹೋಗುವ ಎಲಿಜಬೆತ್ ಊರಲ್ಲಿ, 1918ರಲ್ಲಿ. ರಾಕೆಟ್ ಸಿದ್ಧವಾಗಿತ್ತು, ಅದನ್ನು ಹಾರಿಸುವ ಬಗೆ ಗೊತ್ತಾಗಿರಲಿಲ್ಲ. ಗುಜರಿ ರಾಶಿಯಲ್ಲಿ ಕಂಡ ಒಂದು ಕೊಳವೆ ಅಳತೆಗೆ ಸರಿಹೋಯಿತು ಅಂತ ಉಲ್ ಅವರೇ ಮುಂದೆ ಹೇಳಿದ್ದಾರೆ. 1942ರಲ್ಲಿ ಮೇರಿಲ್ಯಾಂಡಿನ ಅಬರ್ಡೀನ್‌ನಲ್ಲಿ ಪರೀಕ್ಷೆ ಆಯಿತು. ಕೂಡಲೇ ಕನೆಕ್ಟಿಕಟ್‌ನ ಬ್ರಿಜ್‌ಪೋರ್ಟ್‌ನಲ್ಲಿದ್ದ ಜನರಲ್ ಎಲೆಕ್ಟ್ರಿಕ್ ಕಾರ್ಖಾನೆಗೆ 30 ದಿನದಲ್ಲಿ 5,000 ಮಾಡಿಕೊಡಿ ಅಂತ ಆರ್ಡರ್ ಬಂತು. ಹೆಸರು ಬಂದದ್ದು ಬಾಬ್ ಬರ್ನ್ಸ್ ಅನ್ನೋ ಹಾಸ್ಯನಟ ಊದುತ್ತಿದ್ದ ಪೈಪಿನಂಥ ವಾದ್ಯದಿಂದ.

ನನಗೆ ಮಜಾ ಅನ್ನಿಸಿದ್ದು ಒಳಗಿನ ಸರ್ಕ್ಯೂಟ್. ಮೊದಲ ಮಾದರಿಯ ಮರದ ಹಿಡಿಯೊಳಗೆ ಟಾರ್ಚಿಗೆ ಹಾಕುವಂಥ ಸೆಲ್‌ಗಳು. ಟ್ರಿಗರ್ ಅಂದರೆ ಒಂದು ಸ್ವಿಚ್ ಅಷ್ಟೇ. ಸೆಲ್ ಚೆನ್ನಾಗಿದೆಯಾ ನೋಡೋಕೆ ಪಕ್ಕದಲ್ಲಿ ಪುಟ್ಟ ಬಲ್ಬು. ಹಿಂದೆ ನಿಂತವನು ರಾಕೆಟ್ ತೂರಿಸಿ, ಅದರ ವೈರನ್ನು ಕೊಳವೆಯ ಸ್ಪ್ರಿಂಗಿಗೆ ಸುತ್ತಬೇಕು. ಟ್ರಿಗರ್ ಒತ್ತಿದರೆ ಕರೆಂಟು ಹರಿದು ರಾಕೆಟ್ಟಿನ ಮದ್ದು ಹೊತ್ತಿಕೊಳ್ಳುತ್ತೆ. ಯುದ್ಧಭೂಮಿಯ ಚಳಿ, ತೇವಕ್ಕೆ ಸೆಲ್‌ಗಳು ಕೈಕೊಟ್ಟವು. ಹಾಗಾಗಿ ಮುಂದಿನ ಎಂ9 ಮಾದರಿಯಲ್ಲಿ ಸೆಲ್ ತೆಗೆದು, ಒತ್ತಿದಾಗ ತಾನೇ ಕರೆಂಟು ಹುಟ್ಟಿಸುವ ಮ್ಯಾಗ್ನೆಟೋ ಇಟ್ಟರು. ಐಟಿಐನಲ್ಲಿ ನಾವು ಮೊದಲ ವರ್ಷ ಕಲಿತದ್ದೇ ಇಲ್ಲಿತ್ತು.

ಇಂಥವನ್ನು ಕೂಡಿಡುವ ಹವ್ಯಾಸಿಗಳು ಇಲ್ಲಿ ತುಂಬಾ ಜನ. ಆದರೆ 1968ರ ಫೆಡರಲ್ ಕಾನೂನಿನ ಪ್ರಕಾರ ಕೆಲಸ ಮಾಡುವ ಬಝೂಕಾ, ಜೀವಂತ ರಾಕೆಟ್, ಮೈನ್ ಎಲ್ಲವೂ 'ವಿನಾಶಕ ಸಾಧನ'. ನೋಂದಣಿ ಇಲ್ಲದೆ ಇಟ್ಟುಕೊಂಡರೆ ಜೈಲು. ಅದಕ್ಕೇ ಆ ಕೊಳವೆಗೆ ತೂತು ಕೊರೆದು ಕೆಡಿಸಿದ್ದರು. ರಾಕೆಟ್‌ಗಳ ನೀಲಿ ಬಣ್ಣಕ್ಕೂ ಅರ್ಥವಿದೆ. ಅಮೆರಿಕದ ಸೈನ್ಯದಲ್ಲಿ ನೀಲಿ ಅಂದರೆ ತರಬೇತಿಯದು, ಹಸಿರಿನ ಮೇಲೆ ಹಳದಿ ಅಕ್ಷರ ಅಂದರೆ ಸಿಡಿಯುವಂಥದ್ದು. ಆದರೆ ನೀಲಿ ಅಂದಮಾತ್ರಕ್ಕೆ ಖಾಲಿ ಅಂತಲ್ಲ. ತರಬೇತಿ ರಾಕೆಟ್ಟಿನ ತಲೆಯಲ್ಲಿ ಸಿಡಿಮದ್ದು ಇಲ್ಲದಿದ್ದರೂ, ಹಾರೋಕೆ ಬೇಕಾದ ಮದ್ದು ಬಾಲದಲ್ಲಿ ಇರಬಹುದು.

ಕೆಲಸ ಮುಗಿದ ದಿನ ಯಜಮಾನರು ಒಂದು ನೀಲಿ ರಾಕೆಟ್ ಕೈಗಿಟ್ಟು, "ಊರಿಗೆ ತಗೊಂಡು ಹೋಗು" ಅಂದರು. ನನಗೆ ನಮ್ಮ ದೊಡ್ಡಪ್ಪನ ನೆನಪಾಯಿತು. ಅವರು 1971ರ ಯುದ್ಧದಲ್ಲಿ ಇದ್ದವರು. ಅವರ ಪಲ್ಟಣದಲ್ಲಿ ಜೀಪಿನ ಮೇಲೆ ಕೂರಿಸುವ 106 ಮಿ.ಮೀ. ಟ್ಯಾಂಕ್ ನಿರೋಧಕ ಗನ್ ಇತ್ತಂತೆ. 1965ರಲ್ಲಿ ಖೇಮ್‌ಕರಣ್ ಬಳಿ ಅಬ್ದುಲ್ ಹಮೀದ್ ಪ್ಯಾಟನ್ ಟ್ಯಾಂಕುಗಳನ್ನು ಒಡೆದು, ಪ್ರಾಣ ಕೊಟ್ಟು, ಪರಮವೀರ ಚಕ್ರ ಪಡೆದದ್ದು ಅಂಥದ್ದೇ ಗನ್ನಿನಿಂದ. ದೊಡ್ಡಪ್ಪನಿಗೆ ಖುಷಿಯಾಗುತ್ತೆ ಅಂತ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅವರು ನಗಲಿಲ್ಲ.

"ಮದ್ದು ತೆಗೆದಿದ್ದಾರೆ ಅಂತ ಯಾರು ಹೇಳಿದ್ರು ಮಗಾ?"

"ಮನೆಯವರೇ ಹೇಳಿದ್ರು ದೊಡ್ಡಪ್ಪ."

"ಹೇಳಿದವನೇ ತೆಗೆದವನಾ? ಕೆಳಗಿಡು."

ಯಜಮಾನರನ್ನು ಕೇಳಿದೆ. ಅವರೂ ಬೇರೆಯವರಿಂದ ಕೊಂಡದ್ದು, ಕೊಟ್ಟವನು ಇನರ್ಟ್ ಅಂದಿದ್ದನಂತೆ. ರಾಕೆಟ್ಟನ್ನು ಮೆಲ್ಲಗೆ ಕಪಾಟಿನಲ್ಲೇ ಇಟ್ಟು, ಪೊಲೀಸರಿಗೆ ಫೋನ್ ಮಾಡಿ ಪರೀಕ್ಷೆ ಮಾಡಿಸಿ ಅಂತ ಹೇಳಿ ಬಂದೆ.

ಆಮೇಲೆ ನಾನೇ ಕೂತು ಓದಿದಾಗ, ನಾವಿರುವ ಈ ಪ್ರದೇಶದ ಚರಿತ್ರೆಯೇ ದೊಡ್ಡಪ್ಪನ ಮಾತು ಹೇಳ್ತಾ ಇದೆ ಅನ್ನಿಸಿತು. 1918ರ ಅಕ್ಟೋಬರ್ 4ರಂದು ಸೇರ್‌ವಿಲ್‌ನ ಮಾರ್ಗನ್‌ನಲ್ಲಿ ಶೆಲ್ ತುಂಬುವ ಕಾರ್ಖಾನೆ ಸಿಡಿದು ಮೂರು ದಿನ ಉರಿಯಿತು. ಸತ್ತವರು ನೂರರ ಹತ್ತಿರ. ಅಂದು ಚೆಲ್ಲಾಪಿಲ್ಲಿಯಾದ ಶೆಲ್‌ಗಳು ಎಷ್ಟೋ ದಶಕಗಳ ನಂತರವೂ ಅಲ್ಲಿನ ಮಣ್ಣಿನಲ್ಲಿ ಸಿಕ್ಕಿವೆ. 2007ರಲ್ಲಿ ಸರ್ಫ್ ಸಿಟಿ ಬೀಚಿಗೆ ಸಮುದ್ರದ ಮರಳು ಎತ್ತಿ ಹಾಕಿದಾಗ, ಮೊದಲ ಮಹಾಯುದ್ಧದ ಕಾಲದ ಫ್ಯೂಸುಗಳು ನೂರಾರು ಸಂಖ್ಯೆಯಲ್ಲಿ ಬಂದವು. ಬೀಚು ಮುಚ್ಚಬೇಕಾಯಿತು. ಸುಮಾರು ತೊಂಬತ್ತು ವರ್ಷ ಉಪ್ಪುನೀರಲ್ಲಿ ಬಿದ್ದಿದ್ದ ಮಾಲು, ಆದರೂ ಯಾರೂ ಅದನ್ನು ಖಾಲಿ ಅಂತ ನಂಬಲಿಲ್ಲ.

ಮಾರ್ಗನ್ ಪಕ್ಕದ ಊರೇ ಸೌತ್ ಆಂಬಾಯ್. 1950ರ ಮೇ 19ರ ಸಂಜೆ ಅಲ್ಲಿನ ಬಂದರಿನಲ್ಲಿ ದೋಣಿಗಳಿಗೆ ಮದ್ದುಗುಂಡು ತುಂಬುವಾಗ ಎಲ್ಲವೂ ಒಟ್ಟಿಗೇ ಸಿಡಿಯಿತು. 31 ಜನ ಸತ್ತರು, 350ಕ್ಕೂ ಹೆಚ್ಚು ಜನ ಗಾಯಗೊಂಡರು. ಸರಕಿನಲ್ಲಿ ಟ್ಯಾಂಕ್ ನಿರೋಧಕ ಮೈನ್‌ಗಳೂ ಇದ್ದವು. ಅವು ಹೊರಟಿದ್ದು ಪಾಕಿಸ್ತಾನಕ್ಕೆ! ನಮ್ಮ ಗಡಿಯ ಕಡೆ ಹೊರಟ ಮೈನ್‌ಗಳು ಇಲ್ಲಿ ಸರಕು ತುಂಬುತ್ತಿದ್ದ ಕೂಲಿಕಾರರನ್ನು ಕೊಂದವು. ಸತ್ತವರು ನಮ್ಮ ಹಾಗೆ ಶಿಫ್ಟ್ ಕೆಲಸಕ್ಕೆ ಬುತ್ತಿ ಕಟ್ಟಿಕೊಂಡು ಬಂದವರು. ಹಲವರ ಶವವೂ ಮನೆಯವರಿಗೆ ಸಿಗಲಿಲ್ಲ.

ನಮ್ಮವರು ಬೇಸ್‌ಮೆಂಟ್, ಗ್ಯಾರೇಜ್, ಅಟ್ಟದಲ್ಲಿ ಕೆಲಸ ಮಾಡುವವರು, ಅದಕ್ಕೇ ಇಷ್ಟು ಬರೆದೆ. ಇಂಥ ವಸ್ತು ಕಂಡರೆ ಮುಟ್ಟಬೇಡಿ, ಸರಿಸಬೇಡಿ, ಗುಜರಿಗೆ ಹಾಕಬೇಡಿ. ಹೊರಗೆ ಬಂದು 911ಕ್ಕೆ ಫೋನ್ ಮಾಡಿ. ನೆನಪಿಗೆ ಅಂತ ಊರಿಗೂ ಒಯ್ಯಬೇಡಿ. ನಕಲಿ ಗ್ರೆನೇಡ್ ಆದರೂ ಇಲ್ಲಿನ ವಿಮಾನದಲ್ಲಿ ಕೈಚೀಲಕ್ಕೂ ಬೇಡ, ಚೆಕ್‌ಇನ್ ಬ್ಯಾಗಿಗೂ ಬೇಡ. ಭಾರತದಲ್ಲಿ ಒಂದು ಗುಂಡು ಬ್ಯಾಗಿನಲ್ಲಿ ಸಿಕ್ಕರೂ ಶಸ್ತ್ರಾಸ್ತ್ರ ಕಾಯ್ದೆಯ ಕೇಸು, ವೀಸಾಕ್ಕೂ ಕುತ್ತು. ನೋಡುವ ಆಸೆ ಇದ್ದರೆ ಲಾಂಗ್ ಐಲೆಂಡಿನ ಓಲ್ಡ್ ಬೆತ್‌ಪೇಜ್‌ನಲ್ಲಿ ಟ್ಯಾಂಕುಗಳ ಮ್ಯೂಸಿಯಂ ಇದೆ, ಸೀ ಗರ್ಟ್‌ನಲ್ಲಿ ನ್ಯೂಜೆರ್ಸಿ ನ್ಯಾಷನಲ್ ಗಾರ್ಡ್ ಮ್ಯೂಸಿಯಂ ಇದೆ. ಮಕ್ಕಳನ್ನೂ ಕರಕೊಂಡು ಹೋಗಿ.

ಮೈನ್ ಆಫ್ ಮಾಡಿದೀನಿ ಅಂತ ಬೇರೆಯವನು ಹೇಳಿದರೂ ನಾವು ಟೆಸ್ಟರ್ ಹಚ್ಚದೆ ವೈರ್ ಮುಟ್ಟಲ್ಲ. ಮದ್ದನ್ನು ಟೆಸ್ಟ್ ಮಾಡುವ ಟೆಸ್ಟರ್ ನಮ್ಮ ಜೇಬಿನಲ್ಲಿ ಇಲ್ಲ. ಆ ರಾಕೆಟ್ಟಿನ ಫೋಟೋ ಮಾತ್ರ ಈಗ ದೊಡ್ಡಪ್ಪನ ಫೋನಿನಲ್ಲಿದೆ. ಅಷ್ಟು ಸಾಕು ಅಂತಾರೆ ಅವರು.