ಹೆಸರಿಲ್ಲದ ಮೀನಿಗೆ ಗಾಳ

ಮುಂಗಾರಿನ ಕೆನ್ನೀರು ಇಳಿದು ಹೊಳೆ ತಿಳಿಯಾಗುವುದು ನವರಾತ್ರಿ, ದೀಪಾವಳಿಗಳ ಆಸುಪಾಸಿನಲ್ಲಿ. ನೆರೆಯಲ್ಲಿ ಮೊಟ್ಟೆಯಿಡಲು ಮೇಲಕ್ಕೆ ಹೋದ ದೊಡ್ಡ ಮೀನುಗಳು ನೀರು ತಗ್ಗಿದಂತೆ ಮಡುಗಳಿಗೆ ಇಳಿಯುತ್ತವೆ. ಬ್ರಿಟಿಷ್ ಅಧಿಕಾರಿಗಳಲ್ಲಿ ಗಾಳದ ಹುಚ್ಚಿದ್ದವರು ಕಾಯುತ್ತಿದ್ದದ್ದು ಇಂಥ ನೀರಿಗೆ. ತಮ್ಮ ನಾಡಿನಲ್ಲಿ ಅವರು ಕಂಡಿದ್ದು ಸಾಲ್ಮನ್, ಇಲ್ಲಿ ಎದುರಾದದ್ದು ಮಹಶೀರ್. ಈ ಅಪರಿಚಿತ ಮೀನಿಗೆ ಕೈಪಿಡಿ ಬರೆದವರು ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್. ಅವರ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲೇ. ಯಾವ ನೀರಿಗೆ ಯಾವ ಎರೆ, ಎಷ್ಟು ಗಟ್ಟಿ ದಾರ, ಎಂಥ ಕೊಕ್ಕೆ ಎಂಬುದನ್ನೆಲ್ಲ ಥಾಮಸ್ ಬಿಡಿಸಿ ಹೇಳಿದರು. ಆದರೆ ಕಾವೇರಿಯ ಮಟ್ಟಿಗೆ ಆ ಕೈಪಿಡಿಯ ಓದುಗರಾಗಲಿ, ಅವರ ನಂತರ ಬಂದವರಾಗಲಿ ಒಂದು ಪ್ರಶ್ನೆಯನ್ನು ಪೂರ್ತಿ ಬಗೆಹರಿಸಿಕೊಳ್ಳಲೇ ಇಲ್ಲ: ಗಾಳಕ್ಕೆ ಬೀಳುತ್ತಿರುವುದು ಯಾವ ಮೀನು? ಈ ಮೋಜಿನ ಇತಿಹಾಸದಲ್ಲಿ ಹೊಳೆಗೆ ದುಬಾರಿಯಾದದ್ದು ಈ ಮರೆವೇ ಎಂಬುದು ನನ್ನ ವಾದ.

ಗಾಳದ ಮೋಜನ್ನು ಬ್ರಿಟಿಷರೇ ತಂದರೆಂಬ ಮಾತನ್ನು ಮೊದಲು ಬದಿಗಿಡೋಣ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗವಿದೆ. ಮೀನಿನ ಜಾತಿಗಳು, ಅವಕ್ಕೆ ಹಾಕುವ ಮೇವು, ಗಾಳ, ದಾರ ಎಲ್ಲವೂ ಅದರಲ್ಲಿ ಬರುತ್ತವೆ. ಅರಮನೆಯ ವಿನೋದ ಅದು, ಹೊಟ್ಟೆಪಾಡಲ್ಲ. ಕುತೂಹಲದ ಸಂಗತಿಯೆಂದರೆ, ದೊರೆ ಮೊದಲು ಮೀನುಗಳನ್ನು ಬೇರ್ಪಡಿಸುತ್ತಾನೆ: ಕಡಲಿನವು ಯಾವುವು, ಹೊಳೆಯವು ಯಾವುವು, ಹುರುಪೆಯಿರುವವು ಯಾವುವು, ಇಲ್ಲದವು ಯಾವುವು ಎಂದು. ಏಳು ಶತಮಾನಗಳ ಮೇಲೆ ಬಂದವರಿಗೆ ಮಹಶೀರೆಂಬ ಒಂದೇ ಹೆಸರು ಸಾಕಾಯಿತು.

ಕಾವೇರಿಯ ಎರೆಯೂ ಸೀಮೆಯಿಂದ ಬಂದದ್ದಲ್ಲ. ರಾಗಿ ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ನಾದಿ, ನಿಂಬೆಹಣ್ಣಿನಷ್ಟೋ ಅದಕ್ಕಿಂತ ದೊಡ್ಡದೋ ಉಂಡೆ ಮಾಡಿ ಕೊಕ್ಕೆಯ ಸುತ್ತ ಮೆತ್ತುವುದು ಹೊಳೆದಂಡೆಯವರ ಕೈಚಳಕ. ಮಡುವಿನ ಮೇಲೆ ಹರಿಗೋಲು ಹಾಕುವವರೂ, ದಾರ ಬಂಡೆಗೆ ಸಿಕ್ಕಿದರೆ ಬಿಡಿಸುವವರೂ ಅವರೇ. ಮಹಶೀರಿನ ದವಡೆಯಲ್ಲಿ ಹಲ್ಲಿಲ್ಲ, ಹಲ್ಲಿರುವುದು ಗಂಟಲಿನಲ್ಲಿ. ಏಡಿ, ಕಪ್ಪೆಚಿಪ್ಪುಗಳನ್ನು ಅಲ್ಲೇ ಅರೆಯುತ್ತದೆ. ಅದೇ ಒತ್ತಿಗೆ ಸೀಮೆಯ ಕೊಕ್ಕೆಗಳೂ ಚಪ್ಪಟೆಯಾಗುತ್ತಿದ್ದವು. ಪರದೇಶಿಯ ಯೋಜನೆ ಕಾಗದದ ಮೇಲೆ ಎಷ್ಟೇ ಚೆನ್ನಾಗಿದ್ದರೂ, ಅರ್ಧ ಯೋಜನೆ ಹರಿಗೋಲಿನವನ ತಲೆಯಲ್ಲಿತ್ತು.

1946ರಲ್ಲಿ ಬೇಟೆಯ ಪ್ರಾಣಿಗಳ ಚರ್ಮ ತುಂಬಿ ನಿಲ್ಲಿಸುವ ಕಲೆಗೆ ಹೆಸರಾದ ಮೈಸೂರಿನ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನ, ಎಂದರೆ ಸುಮಾರು 54 ಕಿಲೋದ, ಮಹಶೀರ್ ಹಿಡಿದರು. ಬೆನ್ನು ಡುಬ್ಬವಾದ ಇಂಥ ದೈತ್ಯ ಮೀನಿಗೆ ಸ್ವಂತದ ಶಾಸ್ತ್ರೀಯ ಹೆಸರೇ ಇರಲಿಲ್ಲ. 1839ರಲ್ಲಿ ನಿಸರ್ಗಶಾಸ್ತ್ರಜ್ಞ ಸೈಕ್ಸ್ ದಖ್ಖನ್ನಿನ ಬೇರೊಂದು ಮೀನಿಗೆ ಇಟ್ಟಿದ್ದ ‘ಮುಸ್ಸುಲ್ಲಾ’ ಎಂಬ ಹೆಸರನ್ನೇ ಬಹುಕಾಲ ಇದಕ್ಕೂ ಅಂಟಿಸಲಾಗಿತ್ತು. ಹೆಸರಿನಿಂದ ಗಾಳ ಹಾಕುವವನಿಗೆ ಆಗಬೇಕಾದದ್ದೇನು ಎಂದು ಯಾರಾದರೂ ಕೇಳಿಯಾರು. ಉತ್ತರ 1970ರ ದಶಕದಿಂದೀಚೆಗಿನ ಕತೆಯಲ್ಲಿದೆ. ಮೀನು ಕಡಿಮೆಯಾಯಿತೆಂದು ಲೋನಾವಳದ ಮರಿಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಟ್ಟರು. ಎಲ್ಲವೂ ಮಹಶೀರೇ ಎಂದಮೇಲೆ ತಡೆಯುವುದಕ್ಕೆ ಕಾರಣವಾದರೂ ಏನಿತ್ತು? ಬಂದದ್ದು ಹೆಚ್ಚಿತು, ಇದ್ದದ್ದು ಕ್ಷೀಣಿಸಿತು. ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದುಗಳಿಗೂ ಇದರಲ್ಲಿ ಪಾಲಿದೆ. ಆದರೆ ಅವು ಮೀನಿನ ಜಾತಿ ನೋಡಿ ಕೊಲ್ಲುವುದಿಲ್ಲ. ಒಂದು ಮಹಶೀರ್ ಇಳಿಯುತ್ತ ಇನ್ನೊಂದು ಏರಿದ್ದನ್ನು ಅವಷ್ಟರಿಂದಲೇ ವಿವರಿಸಲಾಗದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಕಾವೇರಿ ದಂಡೆಯ ಭೀಮೇಶ್ವರಿ, ಗಾಲಿಬೋರೆಗಳ ಗಾಳದ ಶಿಬಿರಗಳಲ್ಲಿ ಹಿಡಿದ ಮೀನನ್ನು ತೂಗಿ ನೀರಿಗೇ ಬಿಡುವ ಕಟ್ಟುಪಾಡು ಬಂದಿತ್ತು, ಶಿಬಿರಗಳ ಕಾವಲಿದ್ದ ಕಡೆ ಸಿಡಿಮದ್ದಿನವರಿಗೆ ಆಟ ನಡೆಯುತ್ತಿರಲಿಲ್ಲ, ಹಾಗಿರುವಾಗ ಗಾಳದವರನ್ನು ದೂರುವುದು ಸರಿಯೇ? ದೂರುವುದು ಸರಿಯಲ್ಲ, ಒಪ್ಪುತ್ತೇನೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳಬೇಕು: ಅವನತಿ ಲೆಕ್ಕಕ್ಕೆ ಸಿಕ್ಕಿದ್ದೇ ಗಾಲಿಬೋರೆಯ ಶಿಬಿರದ ದಾಖಲೆಗಳಿಂದ. 1998ರಿಂದ 2012ರವರೆಗೆ ಅಲ್ಲಿ ಬರೆದಿಟ್ಟ 6,161 ಮಹಶೀರುಗಳ ವಿವರ ನೋಡಿದ ಸಂಶೋಧಕರಿಗೆ, ಸಿಗುವ ಮೀನಿನ ಸಂಖ್ಯೆ ಏರುತ್ತಿದ್ದರೂ ಡುಬ್ಬದ ಮೀನು ಅಪರೂಪವಾಗುತ್ತಿರುವುದು ಕಂಡಿತು. ಒಂದೊಂದು ಮೀನಿನ ಜೀವ ಉಳಿಸುವ ಶ್ರದ್ಧೆ ಶಿಬಿರಗಳಲ್ಲಿ ಧಾರಾಳವಾಗಿತ್ತು. ಆದರೆ ಮೀನುಗಳನ್ನು ಉಳಿಸುತ್ತಲೇ ಒಂದು ಜಾತಿಯನ್ನು ಕಳೆದುಕೊಳ್ಳಬಹುದು. ಪುಸ್ತಕದಲ್ಲಿ ಒಟ್ಟು ಸಂಖ್ಯೆ ಏರುತ್ತಿದ್ದರೆ ಕಳೆದದ್ದು ಗಮನಕ್ಕೂ ಬರುವುದಿಲ್ಲ.

ಡುಬ್ಬದ ಮೀನಿಗೆ ಹೆಸರು ಸಿಕ್ಕಿದ ಬಗೆಯೂ ಸುತ್ತುಬಳಸಿನದು. 2007ರಲ್ಲಿ ಕೇರಳದ ಪಾಂಬಾರಿನಲ್ಲಿ ಸಿಕ್ಕ ಸಣ್ಣ ಮೀನುಗಳನ್ನು ಆಧರಿಸಿ ‘ಟಾರ್ ರೆಮಾದೇವಿ’ ಎಂಬ ಹೊಸ ಜಾತಿಯನ್ನು ವಿವರಿಸಿದ್ದರು. ಪಾಂಬಾರು ಕೊನೆಗೆ ಕಾವೇರಿಗೆ ಸೇರುವ ನೀರೇ. ಮೋಯಾರ್ ಹೊಳೆಯಲ್ಲಿ ಉಳಿದಿದ್ದ ಡುಬ್ಬದ ಮಹಶೀರನ್ನು ಅದರೊಂದಿಗೆ ಹೋಲಿಸಿ, ಎರಡೂ ಒಂದೇ ಎಂದು 2018ರಲ್ಲಿ ತೋರಿಸಲಾಯಿತು. ವ್ಯಾನ್ ಇಂಗೆನ್ನರ ಮೀನು ದಡಕ್ಕೆ ಬಂದು ಆಗ 72 ವರ್ಷ. ಆ ಜಾತಿ ಅಳಿವಿನ ತೀರಾ ಅಂಚಿನಲ್ಲಿದೆಯೆಂದು ಅಂತರರಾಷ್ಟ್ರೀಯ ಕೆಂಪು ಪಟ್ಟಿಗೆ ಸೇರಿದ್ದೂ ಅದೇ ವರ್ಷ.