ಒಪ್ಪಿಸಿಕೊಂಡವರ ಬಿಡುಗಡೆ: ಗುಬ್ಬಿ ಸೀಮೆಯ ಕ್ರೈಸ್ತ ಶರಣಾಗತಿಯ ಹಾದಿ

ಯೇಸುವಿಗೆ ತನ್ನನ್ನು ಒಪ್ಪಿಸಿಕೊಟ್ಟವನಿಗೆ ಬಿಡುಗಡೆಯುಂಟು ಎಂಬ ಮಾತು ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಸಭೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಈ ಮಾತಿಗೆ ಇಲ್ಲಿ ಸುಮಾರು 180 ವರ್ಷಗಳ ಬಾಳುವೆಯಿದೆ. ಅಷ್ಟು ಕಾಲದಲ್ಲಿ ಒಪ್ಪಿಸಿಕೊಡುವ ಬಗೆಯೂ ಬಿಡುಗಡೆಯ ಅರ್ಥವೂ ಹಲವು ಸಲ ಹೊರಳಿವೆ. ಒಂದೊಂದು ಘಟ್ಟವನ್ನು ನೋಡುವಾಗಲೂ ನನ್ನನ್ನು ಕಾಡುವ ಪ್ರಶ್ನೆ ಒಂದೇ: ದೇವರ ಮುಂದೆ ಬಾಗಿದವರ ಬೆನ್ನು ಧಣಿಯ ಮುಂದೆ, ಜಾತಿಯ ಮುಂದೆ, ಹಸಿವಿನ ಭಯದ ಮುಂದೆ ನೆಟ್ಟಗಾಯಿತೆ?

ಕ್ರೈಸ್ತರು ಬಂದಾಗ ಈ ನೆಲ ಶರಣಾಗತಿಯನ್ನು ಅರಿಯದ ನೆಲವಾಗಿರಲಿಲ್ಲ. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆಯಿದೆ. ತುಮಕೂರಿಗೆ ಹತ್ತಿರದ ಗೂಳೂರಿನ ಹೆಸರು ಹೊತ್ತ ಸಿದ್ಧವೀರಣ್ಣೊಡೆಯರು ‘ಶೂನ್ಯಸಂಪಾದನೆ’ಯ ಪರಿಷ್ಕರಣಗಳಲ್ಲಿ ಒಂದನ್ನು ಸಿದ್ಧಪಡಿಸಿದವರು. ಷಟ್‌ಸ್ಥಲದಲ್ಲಿ ಐದನೆಯದು ಶರಣಸ್ಥಲ. ಐಕ್ಯಕ್ಕೆ ಮುಂಚಿನ ಮೆಟ್ಟಿಲು ಅದು. ತನುಮನಧನವನ್ನು ಒಪ್ಪಿಸುವುದರ ಬಗ್ಗೆ ಇಷ್ಟು ಆಳವಾಗಿ ಯೋಚಿಸಿದ ಜನರ ನಡುವೆ ನಿಂತು ಹೊರಗಿನಿಂದ ಬಂದ ಬೋಧಕರು ಶರಣಾಗತಿಯನ್ನು ಸಾರಬೇಕಾಗಿತ್ತು. ಮಿಷನ್ ಇತಿಹಾಸಗಳಲ್ಲಿ ಈ ಸಂಗತಿಗೆ ಸಲ್ಲಬೇಕಾದ ತೂಕ ಸಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಮೆಥಡಿಸ್ಟರ ವೆಸ್ಲಿಯನ್ ಮಿಷನ್ ಬೆಂಗಳೂರಿನಿಂದ ಗುಬ್ಬಿಗೆ ಬಂದದ್ದು 1830ರ ದಶಕದ ಕೊನೆಯಲ್ಲಿ. ಅಡಿಕೆ, ತೆಂಗಿನ ವ್ಯಾಪಾರದ ಊರು. ಸಂತೆಗೆ ಸುತ್ತಲ ಹಳ್ಳಿಗಳೆಲ್ಲ ಸೇರುತ್ತಿದ್ದವು. ಮುಂದೆ 1859ರಲ್ಲಿ ಕನ್ನಡ ವ್ಯಾಕರಣವೊಂದನ್ನು ಪ್ರಕಟಿಸಿದ ಥಾಮಸ್ ಹಾಡ್ಸನ್ ಇಲ್ಲಿ ದುಡಿದರು. 1839ರಲ್ಲಿ ಇಂಗ್ಲೆಂಡಿನಿಂದ ಹೊರಟು ಅವರ ಜೊತೆ ಸೇರಿದವರು ಐರ್ಲೆಂಡಿನ ವಿಲಿಯಂ ಆರ್ಥರ್. ಆಗ ಅವರಿಗೆ ಇಪ್ಪತ್ತು ವರ್ಷ. ಕನ್ನಡ ಕಲಿತರು, ಹಳ್ಳಿ ಸುತ್ತಿದರು, ಆರೋಗ್ಯ ಕೆಟ್ಟು 1841ರಲ್ಲಿ ಹಿಂತಿರುಗಿದರು. ಗುಬ್ಬಿಯ ದಿನಗಳನ್ನು ಅವರು 1847ರ ‘ಎ ಮಿಷನ್ ಟು ದ ಮೈಸೂರ್’ನಲ್ಲಿ ಬರೆದಿಟ್ಟಿದ್ದಾರೆ.

ಆದರೆ ಆರ್ಥರರ ಹೆಸರು ಲೋಕಕ್ಕೆ ಹರಡಿದ್ದು 1856ರ ‘ದ ಟಂಗ್ ಆಫ್ ಫೈರ್’ ಎಂಬ ಪುಸ್ತಕದಿಂದ. ಪೆಂತೆಕೋಸ್ತ ದಿನಕ್ಕೆ ಮುಂಚೆ ಶಿಷ್ಯರು ಯೆರೂಸಲೇಮಿನಲ್ಲಿ ಏನೂ ಮಾಡಲಾಗದೆ ಕಾದು ಕುಳಿತ ದಿನಗಳ ಮೇಲೆ ಅವರ ಕಣ್ಣು ನೆಡುತ್ತದೆ. ವಿದ್ಯೆ, ಹಣ, ಸಂಘಟನೆ ಎಲ್ಲ ಇದ್ದರೂ ಪವಿತ್ರಾತ್ಮನ ಬೆಂಕಿಯಿಲ್ಲದೆ ಸಭೆಗೆ ಶಕ್ತಿಯಿಲ್ಲ ಎಂಬುದು ಅವರ ವಾದ. ಆರ್ಥರ್ ಮುಂದೆ ತಮ್ಮ ಮಿಷನ್ ಸಂಘದ ಕಾರ್ಯದರ್ಶಿಯಾದರು, 1866ರಲ್ಲಿ ಮೆಥಡಿಸ್ಟ್ ಸಮ್ಮೇಳನದ ಅಧ್ಯಕ್ಷರಾದರು. ಉತ್ಸಾಹದಿಂದ ಬಂದು ಕಾಯಿಲೆ ಹೊತ್ತು ಹೋದ ಯುವಕನೇ ಕಾಯುವಿಕೆಯನ್ನು ಕುರಿತು ಹೀಗೆ ಬರೆದ ಎನ್ನುವಾಗ ಆ ಪುಸ್ತಕವನ್ನು ಗುಬ್ಬಿಯಿಂದ ಬೇರ್ಪಡಿಸಿ ಓದಲು ನನಗೆ ಮನಸ್ಸಾಗುವುದಿಲ್ಲ.

ಬಂದವರ ಶರಣಾಗತಿ ಒಂದು ಬಗೆ, ನಂಬಿದವರದು ಬೇರೆಯೇ ಬಗೆ. ಗುಬ್ಬಿ ಸರ್ಕೀಟಿನ ಹಳ್ಳಿಗನೊಬ್ಬ ದಾನಿಯೇಲ ಎಂಬ ಹೆಸರು ಪಡೆದು ಕ್ರೈಸ್ತನಾಗಿ ಬಾಳಿದ ಕಥೆಯನ್ನು ಹಾಡ್ಸನ್ 1877ರಲ್ಲಿ ‘ಓಲ್ಡ್ ಡೇನಿಯಲ್’ ಎಂದು ಪ್ರಕಟಿಸಿದರು. ದೊರೆ, ದಿವಾನರ ಸುತ್ತ ತಿರುಗುತ್ತಿದ್ದ ಚರಿತ್ರೆಯ ಕಾಲದಲ್ಲಿ ಈ ಸೀಮೆಯ ಸಾಮಾನ್ಯ ಹಳ್ಳಿಗನೊಬ್ಬನ ಬಾಳು ಪುಸ್ತಕವಾಗಿ ಅಚ್ಚಾಯಿತು. ಅದರ ಲೇಖನಿ ಮಿಷನರಿಯದು, ಓದುಗರು ಇಂಗ್ಲೆಂಡಿನವರು; ಆ ಎಚ್ಚರ ಇಟ್ಟುಕೊಂಡೇ ಓದಬೇಕು. ಆಗ ದೀಕ್ಷಾಸ್ನಾನ ತೆಗೆದುಕೊಳ್ಳುವುದೆಂದರೆ ಮನೆ, ನೆಂಟಸ್ತನ, ಊರ ಬಾವಿ ಎಲ್ಲವನ್ನೂ ಪಣಕ್ಕಿಟ್ಟಂತೆ. ಮತ ಬದಲಿಸಿದವನ ಆಸ್ತಿಹಕ್ಕು ಉಳಿಸುವ ಕಾನೂನು ಬ್ರಿಟಿಷ್ ಇಂಡಿಯಾದಲ್ಲಿ 1850ರಲ್ಲೇ ಬಂದಿತ್ತು. ಮೈಸೂರು ಸಂಸ್ಥಾನದಲ್ಲಿ ಅದು ಬಹುಕಾಲ ಜಾರಿಯಾಗಲಿಲ್ಲ. ‘ಎಲ್ಲವನ್ನೂ ಬಿಟ್ಟು ನಂಬಿದೆ’ ಎಂದವನು ಹೊಲದ ಪಾಲನ್ನೂ ಸೇರಿಸಿಯೇ ಹೇಳುತ್ತಿದ್ದ.

ದಾನಿಯೇಲನ ಕಥೆ ಅಚ್ಚಾಗುವುದಕ್ಕೂ ಮುಂಚೆ ಕರಾವಳಿಯಿಂದ ಒಂದು ಪುಸ್ತಕ ಬಂದಿತ್ತು. ಬನ್ಯನ್ನನ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ ಬಾಸೆಲ್ ಮಿಷನ್ನಿನ ವೈಗ್ಲೆಯವರ ಕೈಯಲ್ಲಿ ‘ಯಾತ್ರಿಕನ ಸಂಚಾರ’ವಾಗಿ 1847ರಲ್ಲಿ ಕನ್ನಡಕ್ಕಿಳಿಯಿತು. ಬೆನ್ನ ಮೇಲಿನ ಹೊರೆ ಶಿಲುಬೆಯ ಬುಡದಲ್ಲಿ ತಾನಾಗಿ ಕಳಚಿ ಉರುಳುವ ಆ ಪ್ರಸಂಗದಿಂದ ಬಿಡುಗಡೆಯ ಕಲ್ಪನೆಗೆ ಕನ್ನಡದಲ್ಲಿ ಒಂದು ಕಥೆಯ ರೂಪ ಸಿಕ್ಕಿತು.

1876-78ರ ಬರಗಾಲ ಎಲ್ಲವನ್ನೂ ಅಲುಗಾಡಿಸಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿಯಿತು. ತಬ್ಬಲಿ ಗಂಡುಮಕ್ಕಳಿಗಾಗಿ ವೆಸ್ಲಿಯನ್ನರು ತುಮಕೂರಿನಲ್ಲಿ ಅನಾಥಾಲಯ ನಡೆಸಿದರು, ಹೆಣ್ಣುಮಕ್ಕಳಿಗೆ ಹಾಸನದಲ್ಲಿ. ಇಲ್ಲಿ ಶರಣಾಗತಿಯ ಪ್ರಶ್ನೆ ತೊಡಕಾಗುತ್ತದೆ. ದಾನಿಯೇಲನಂಥವರು ಇದ್ದದ್ದನ್ನು ಬಿಟ್ಟು ಬಂದರು. ಈ ಮಕ್ಕಳಿಗೆ ಬಿಡಲು ಏನೂ ಉಳಿದಿರಲಿಲ್ಲ. ಅನ್ನ ಕೊಟ್ಟ ಕೈಯೇ ಪ್ರಾರ್ಥನೆಯನ್ನೂ ಕಲಿಸಿದಾಗ ಆ ನಂಬಿಕೆ ಎಷ್ಟು ಸ್ವತಂತ್ರವಾದದ್ದು? ಪ್ರಶ್ನೆ ನ್ಯಾಯವಾದದ್ದೇ. ಆದರೆ ಅಕ್ಷರ, ಕಸುಬು ಕಲಿತು ಸ್ವಂತ ಕಾಲ ಮೇಲೆ ನಿಂತ ಸಂಸಾರಗಳು ತಲೆಮಾರುಗಳಾಚೆಗೂ ನಂಬಿಕೆಯನ್ನು ಕೈಬಿಡಲಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅನ್ನದ ಹಂಗು ತೀರಿದ ಮೇಲೂ ಉಳಿದ ಭಕ್ತಿ ಅದು.

ವೆಸ್ಲಿಯನ್ನರು ತಂದದ್ದರಲ್ಲಿ ಹೆಚ್ಚು ಬಾಳಿದ್ದು ಒಡಂಬಡಿಕೆಯ ಆರಾಧನೆ ಎಂದು ನನಗನ್ನಿಸುತ್ತದೆ. ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ 1755ರ ಆಗಸ್ಟ್ 11ರಂದು ಜಾನ್ ವೆಸ್ಲಿ ಇದನ್ನು ಮೊದಲ ಬಾರಿಗೆ ನಡೆಸಿದರು. ಮೆಥಡಿಸ್ಟರಲ್ಲಿ ಅದು ಹೊಸವರ್ಷದ ಆಚರಣೆಯಾಯಿತು. 1947ರ ಸೆಪ್ಟೆಂಬರ್ 27ರಂದು ಮೆಥಡಿಸ್ಟರು, ಆಂಗ್ಲಿಕನ್ನರು, ಮತ್ತಿತರರು ಕೂಡಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಆದಾಗ ಈ ಆರಾಧನೆಯೂ ಒಕ್ಕೂಟದೊಳಕ್ಕೆ ಬಂತು. 1963ರ ಸಾಮಾನ್ಯ ಆರಾಧನಾ ಪುಸ್ತಕದಲ್ಲಿ ಅದಕ್ಕೆ ಜಾಗ ಸಿಕ್ಕಿದೆ.

ಡಿಸೆಂಬರ್ 31ರ ರಾತ್ರಿಯ ಆರಾಧನೆ ಮುಗಿದು, ಜನವರಿಯ ಮೊದಲ ಭಾನುವಾರ ಸಭೆ ಒಡಂಬಡಿಕೆಯ ಆರಾಧನೆಗೆ ಮತ್ತೆ ಕೂಡುತ್ತದೆ. ಅಯ್ಯನವರು ಒಂದೊಂದೇ ಪಾಪವನ್ನು ಹೆಸರಿಸಿ ನಿಲ್ಲಿಸುತ್ತಾರೆ. ಮಾತಿಲ್ಲದ ಆ ಬಿಡುವಿನಲ್ಲಿ ಹಿಂದಿನ ಬೆಂಚುಗಳಿಂದ ಯಾರೋ ಬಿಕ್ಕುವುದು ಕೇಳಿಸುತ್ತದೆ. ಆಮೇಲೆ ಎಲ್ಲರೂ ಮೊಣಕಾಲೂರಿ ಒಂದೇ ದನಿಯಲ್ಲಿ, ಕೆಲಸ ಕೊಟ್ಟರೂ ಸರಿ, ಬದಿಗಿಟ್ಟರೂ ಸರಿ, ನಾವು ನಿನ್ನವರು ಎಂಬರ್ಥದ ವಾಗ್ದಾನ ಮಾಡುತ್ತಾರೆ, ಬಳಿಕ ಪ್ರಭುಭೋಜನ. ಸಾಲು ಹಿಡಿದವರಲ್ಲಿ ನಿವೃತ್ತ ಮೇಷ್ಟರು, ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿ, ಬೋರ್‌ವೆಲ್ ಬತ್ತಿ ತೆಂಗು ಒಣಗಿಸಿಕೊಂಡ ರೈತ ಇರುತ್ತಾರೆ. ಬದಿಗಿಡಲ್ಪಡುವುದು ಏನೆಂದು ಬಲ್ಲವರ ಬಾಯಲ್ಲಿ ಆ ವಾಗ್ದಾನಕ್ಕೆ ಬೇರೆಯೇ ಭಾರ. ಹೇಮಾವತಿ ನಾಲೆಗೆ ನೀರು ಬಿಟ್ಟರೋ ಇಲ್ಲವೋ ಎಂದು ದಿನವೂ ವಿಚಾರಿಸುವ ಸೀಮೆಯಲ್ಲಿ ‘ಕರ್ತನು ನೋಡಿಕೊಳ್ಳುತ್ತಾನೆ’ ಎನ್ನುವುದು ಹಗುರವಾಗಿ ಆಡುವ ಮಾತಲ್ಲ.

ಕಥೋಲಿಕರ ಹಾದಿ ಇದಕ್ಕಿಂತ ಹಳೆಯದು. ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ ಶುರುಮಾಡಿದ್ದು 1649ರಲ್ಲಿ. ಆ ಸಭೆಯನ್ನು ಕಟ್ಟಿದ ಇಗ್ನೇಷಿಯಸ್ ಲೊಯೋಲ ತಮ್ಮ ‘ಆಧ್ಯಾತ್ಮಿಕ ಅಭ್ಯಾಸಗಳು’ ಕೃತಿಯ ಕೊನೆಯಲ್ಲಿ ಇಡುವ ಪ್ರಾರ್ಥನೆಯಲ್ಲಿ ಸಾಧಕನು ನೆನಪು, ಬುದ್ಧಿ, ಸಂಕಲ್ಪಗಳ ಜೊತೆಗೆ ಸ್ವಾತಂತ್ರ್ಯವನ್ನೇ ದೇವರಿಗೆ ಒಪ್ಪಿಸುತ್ತಾನೆ. ಸ್ವಾತಂತ್ರ್ಯವನ್ನು ಕೊಟ್ಟು ಬಿಡುಗಡೆ ಪಡೆಯುವ ಈ ವಿರೋಧಾಭಾಸ ನಮ್ಮ ವಿಷಯದ ತಿರುಳೇ ಹೌದು. ತುಮಕೂರು ಜಿಲ್ಲೆ ಇಂದು ಬೆಂಗಳೂರು ಮಹಾಧರ್ಮಕ್ಷೇತ್ರದ ಭಾಗ. 1962-65ರ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಬಲಿಪೂಜೆ ಕನ್ನಡಕ್ಕೆ ಬಂತು. ತಪಸ್ಸುಕಾಲದ ಶಿಲುಬೆಹಾದಿಯಲ್ಲಿ ಅಜ್ಜಿಯರು ತಮ್ಮ ಕಷ್ಟವನ್ನು ತಮ್ಮ ಮಾತಿನಲ್ಲೇ ಕ್ರಿಸ್ತನ ಕಷ್ಟಕ್ಕೆ ಜೋಡಿಸಿಕೊಂಡರು.

ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಮೆಥಡಿಸ್ಟ್ ಇ. ಸ್ಟ್ಯಾನ್ಲಿ ಜೋನ್ಸ್ ಶರಣಾಗತಿಯನ್ನು ಭಾರತದ ಆಶ್ರಮಕ್ಕೆ ತಂದರು. 1930ರಲ್ಲಿ ಸಾತ್‌ತಾಲ್‌ನಲ್ಲಿ ಆಶ್ರಮ ಕಟ್ಟಿದರು, 1966ರಲ್ಲಿ ‘ವಿಕ್ಟರಿ ಥ್ರೂ ಸರೆಂಡರ್’ ಬರೆದರು. ನಂತರದ ದಶಕಗಳಲ್ಲಿ ಉಪವಾಸ ಪ್ರಾರ್ಥನೆ, ರಾತ್ರಿ ಜಾಗರಣೆ, ಸಾಕ್ಷಿ ಹೇಳುವ ಕೂಟಗಳು ಚಿಕ್ಕ ಊರುಗಳಿಗೂ ಹಬ್ಬಿದವು. ಕುಡಿತ ಬಿಟ್ಟ ಗಂಡನ ಸಾಕ್ಷಿಯನ್ನು ಹೆಂಡತಿ ನಿಂತು ಹೇಳುವಾಗ ಬಿಡುಗಡೆ ಎಂಬುದು ಅವಳ ಮುಖದಲ್ಲೇ ಕಾಣುತ್ತದೆ. ಅದೇ ಕೂಟಗಳಲ್ಲಿ ಮಾತ್ರೆ ಬಿಟ್ಟು ನಂಬಿಕೆ ಇಡು ಎನ್ನುವವರೂ, ದೇವಸೇವಕನ ಮಾತು ಮೀರಿದರೆ ಶಾಪ ಎನ್ನುವವರೂ ಹುಟ್ಟಿಕೊಂಡಿದ್ದಾರೆ. ಅಲ್ಲಿ ದೇವರಿಗೆ ಸಲ್ಲಬೇಕಾದ ಶರಣಾಗತಿಯನ್ನು ಮನುಷ್ಯ ಕಸಿದುಕೊಳ್ಳುತ್ತಾನೆ. ಇದನ್ನು ಸಭೆಗಳು ಬಾಯಿಬಿಟ್ಟು ಖಂಡಿಸಬೇಕು.

ಅತ್ಯಂತ ಗಟ್ಟಿಯಾದ ಪ್ರಶ್ನೆ ಬಂದದ್ದು ಬೆಂಗಳೂರಿನಿಂದ. ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ಪಿ. ನಿರ್ಮಲ್ ಮಾಡಿದ ಉಪನ್ಯಾಸ ದಲಿತ ದೈವಶಾಸ್ತ್ರಕ್ಕೆ ನಾಂದಿ ಹಾಡಿತು. ನೂರಾರು ವರ್ಷ ಬಲವಂತವಾಗಿ ತಲೆ ತಗ್ಗಿಸಿದವರಿಗೆ ಮತ್ತೆ ತಗ್ಗಿಸು ಎಂದು ಬೋಧಿಸುವುದು ಸುವಾರ್ತೆಯೆ? ಈ ಧಾರೆ ನಮ್ಮನ್ನು ಕೊಂಡೊಯ್ಯುವುದು ಇಂಥ ಪ್ರಶ್ನೆಗೆ. ಗೆತ್ಸೆಮನೆಯಲ್ಲಿ ‘ನಿನ್ನ ಚಿತ್ತ’ ಎಂದ ಯೇಸು ಮಹಾಯಾಜಕನ ಮುಂದೆಯೂ ಪಿಲಾತನ ಮುಂದೆಯೂ ಅಂಜಲಿಲ್ಲ. ತಂದೆಗೆ ಒಪ್ಪಿಸಿಕೊಂಡದ್ದರಿಂದಲೇ ಆ ಧೈರ್ಯ. ಈ ಓದು ಸೆಮಿನರಿಗಳ ಪಾಠದಲ್ಲಿ ನೆಲೆಗೊಂಡಿದೆ. ಹಳ್ಳಿಯ ಪ್ರಸಂಗವೇದಿಕೆಗೆ ಇನ್ನೂ ಪೂರ್ತಿಯಾಗಿ ಇಳಿದಿಲ್ಲ. ಹೆಣ್ಣುಮಕ್ಕಳಿಗೆ ಸಹನೆಯನ್ನೇ ಶರಣಾಗತಿಯೆಂದು ಹೇಳಿಕೊಡುವ ಮದುವೆಯ ಪ್ರಸಂಗಗಳಿಗೂ ಇದೇ ಒರೆಗಲ್ಲು ಬೇಕು.

ಇನ್ನು ಆಗಬೇಕಾದ ಕೆಲಸವಿದೆ. ಗುಬ್ಬಿಯ ಆರಂಭಕಾಲವನ್ನು ನಾವು ಹಾಡ್ಸನ್, ಆರ್ಥರರ ಇಂಗ್ಲಿಷಿನಲ್ಲಿ ಓದುತ್ತಿದ್ದೇವೆ. ಬೆಂಗಳೂರಿನ ಅದೇ ಕಾಲೇಜಿನ ದಾಖಲಾಗಾರದಲ್ಲಿ ಮಿಷನ್ ಕಾಗದಪತ್ರಗಳಿವೆ. ಅವುಗಳ ಜೊತೆಗೆ ತುಮಕೂರು, ಗುಬ್ಬಿ, ಕುಣಿಗಲ್ ಸಭೆಗಳಲ್ಲಿ ಜನ ಎದ್ದು ನಿಂತು ಹೇಳುವ ಸಾಕ್ಷಿಗಳನ್ನು, ಅವರ ಒಪ್ಪಿಗೆ ಪಡೆದು, ಅವರದೇ ಕನ್ನಡದಲ್ಲಿ ಬರೆದಿಟ್ಟುಕೊಳ್ಳುವ ಕೆಲಸವನ್ನು ಸಭೆಗಳ ಯುವಕರೇ ಕೈಗೆತ್ತಿಕೊಳ್ಳಬಹುದು. ಎಂಬತ್ತು ದಾಟಿದವರಿಂದ ಶುರುಮಾಡುವುದು ಒಳ್ಳೆಯದು, ಸಿ.ಎಸ್.ಐ.ಗಿಂತ ಹಿಂದಿನ ಒಡಂಬಡಿಕೆಯ ಆರಾಧನೆಯ ಮಾತನ್ನು ಹಿರಿಯರ ಬಾಯಿಂದ ನೇರವಾಗಿ ಕೇಳಿದವರು ಅವರೇ.